ಬಿಚ್ಚಲಾಗದ ಯಂತ್ರ, ತಿರುಗದ ಚಕ್ರ

ಸಭೆ-ಸಮಾರಂಭಗಳಿಗೆ ಒಂದೊಂದು ಕಾಲಕ್ಕೆ ಒಂದೊಂದು ಮಂತ್ರ ಬೇಕು. ಒಮ್ಮೆ ಅದು ‘ಅಭಿವೃದ್ಧಿ’ಯಾಗಿತ್ತು, ಅನಂತರ ‘ಸುಸ್ಥಿರ ಅಭಿವೃದ್ಧಿ’ಯಾಯಿತು, ಈಗ ‘ಚಕ್ರೀಯ ಅರ್ಥವ್ಯವಸ್ಥೆ’ ಎಂದಾಗಿದೆ. ಮಂತ್ರದ ಅರ್ಥವೇನೋ ಒಳ್ಳೆಯದೇ. ನೆಲವನ್ನು ಅಗೆದು ತೆಗೆದದ್ದನ್ನು ಕಾರ್ಖಾನೆಯಲ್ಲಿ ವಸ್ತುವಾಗಿಸಿ, ಮನೆಯಲ್ಲಿ ನಾಲ್ಕು ದಿನ ಇಟ್ಟುಕೊಂಡು, ಕೊನೆಗೆ ಊರಾಚೆಯ ಗುಂಡಿಗೆ ಸುರಿಯುವ ನೇರದಾರಿಯನ್ನು ಬಿಟ್ಟು, ಕೈಗೆ ಬಂದ ವಸ್ತುವನ್ನು ಬಳಕೆಯ ಸುತ್ತಿನಲ್ಲಿಯೇ ಉಳಿಸಿಕೊಳ್ಳಬೇಕೆಂಬುದು ಅದರ ತಾತ್ಪರ್ಯ. ಇದನ್ನು ಯಾರು ಅಲ್ಲವೆಂದಾರು? ನಾನೂ ಅಲ್ಲವೆನ್ನುವುದಿಲ್ಲ. ನನ್ನ ತಕರಾರು ಬೇರೆ. ಈ ಚಕ್ರದ ಹೆಸರು ಹೇಳಿಕೊಂಡು ನಮ್ಮ ಸರಕಾರವೂ ತಯಾರಕರೂ ಕೈಹಾಕಿರುವುದು ಚಕ್ರದ ಹೊರಗಿನ ಪಟ್ಟಿಗೆ. ಒಳಗೆ ಅಚ್ಚು ಮುರಿದಿದೆ, ಅದನ್ನು ನೋಡುವವರಿಲ್ಲ.

ಅಚ್ಚು ಮುರಿದ ಸಂಗತಿ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ನಮ್ಮ ಮನೆಯ ಬಚ್ಚಲಿನಿಂದ. ಆರು ವರ್ಷದ ಕೆಳಗೆ ಕೊಂಡ ಬಟ್ಟೆ ಒಗೆಯುವ ಯಂತ್ರ ಒಂದು ಬೆಳಿಗ್ಗೆ ಹಿಟ್ಟಿನ ಗಿರಣಿಯಂತೆ ಅಬ್ಬರಿಸತೊಡಗಿತು. ಕಂಪನಿಯ ಸೇವಾಕೇಂದ್ರಕ್ಕೆ ಫೋನು ಮಾಡಿದೆವು. ಬಂದ ಹುಡುಗ ಬಲು ಸೌಜನ್ಯದವನು. ಎರಡು ನಿಮಿಷ ಕಿವಿಗೊಟ್ಟು ಕೇಳಿ, “ಬೇರಿಂಗ್ ಹೋಗಿದೆ ಸರ್” ಎಂದ. “ಹಾಗಾದರೆ ಬೇರಿಂಗ್ ಹಾಕಪ್ಪ” ಎಂದೆ. “ಬೇರಿಂಗ್ ಬೇರೆ ಬರೋದಿಲ್ಲ ಸರ್. ಟಬ್, ಡ್ರಮ್ಮು ಎಲ್ಲಾ ಸೇರಿ ಒಂದೇ. ಹನ್ನೊಂದು ಸಾವಿರ ಆಗುತ್ತೆ” ಎಂದವನು, ಒಂದು ಕ್ಷಣ ತಡೆದು, “ಅದರ ಬದಲು ಎಕ್ಸ್‌ಚೇಂಜಿಗೆ ಹಾಕಿಬಿಡಿ, ಎರಡು ಸಾವಿರ ಕೊಡ್ತಾರೆ” ಎಂದು ಹಿತವಚನವನ್ನೂ ಹೇಳಿದ. ಹುಡುಗನ ಮೇಲೆ ನನಗೆ ಕೋಪವಿಲ್ಲ. ಅವನ ಚೀಲದಲ್ಲಿ ಬೇರಿಂಗ್ ಇರಲಿಲ್ಲ; ಹೊಸ ಯಂತ್ರಗಳ ಬಣ್ಣದ ಪಟ್ಟಿ ಇತ್ತು. ಅವನಿಗೆ ಕೊಟ್ಟಿರುವ ಉಪಕರಣವೇ ಅದು.

ನಮ್ಮ ಬಡಾವಣೆಯಲ್ಲಿ ವಯಸ್ಸಾದ ರಿಪೇರಿ ಮೇಸ್ತ್ರಿ ಒಬ್ಬರಿದ್ದಾರೆ. ಅವರನ್ನು ಕರೆಸಿದೆ. ಯಂತ್ರವನ್ನು ಅಂಗಳಕ್ಕೆ ಎಳೆದು, ಹೊಟ್ಟೆ ಬಗೆದು, ಪ್ಲಾಸ್ಟಿಕ್ಕಿನ ದೊಡ್ಡ ತೊಟ್ಟಿಯನ್ನು ಹೊರತೆಗೆದು ನನಗೆ ತೋರಿಸಿದರು. ಬೇರಿಂಗ್ ಕೂತಿರುವುದು ಆ ತೊಟ್ಟಿಯ ಬೆನ್ನಿನಲ್ಲಿ. ಹಳೆಯ ಯಂತ್ರಗಳಲ್ಲಿ ತೊಟ್ಟಿ ಎರಡು ಹೋಳಾಗಿದ್ದು ಸುತ್ತಲೂ ಸ್ಕ್ರೂ ಇರುತ್ತಿತ್ತಂತೆ, ಬಿಚ್ಚಬಹುದಾಗಿತ್ತು. ಇದರಲ್ಲಿ ಎರಡೂ ಹೋಳುಗಳನ್ನು ಕಾಯಿಸಿ ಒಂದಕ್ಕೊಂದು ಬೆಸೆದುಬಿಟ್ಟಿದ್ದಾರೆ. “ಬಿಚ್ಚಲಿ ಅಂತ ಮಾಡಿದ್ದಲ್ಲ ಸ್ವಾಮಿ ಇದು, ಬಿಸಾಡಲಿ ಅಂತ ಮಾಡಿದ್ದು” ಎಂದರು ಮೇಸ್ತ್ರಿಗಳು. ಗರಗಸ ಹಿಡಿದು ಬೆಸುಗೆಯ ಗುಂಟ ತೊಟ್ಟಿಯನ್ನು ಕೊಯ್ದರು. ತುಕ್ಕು ಹಿಡಿದ ಎರಡು ಬೇರಿಂಗುಗಳನ್ನು ತಟ್ಟಿ ತೆಗೆದರು. ಹೊಸವನ್ನೂ ನೀರು ತಡೆಯುವ ರಬ್ಬರನ್ನೂ ಕೂರಿಸಿ, ಅಂಚಿನುದ್ದಕ್ಕೂ ತೂತು ಕೊರೆದು, ಅಂಟು ಹಚ್ಚಿ, ನಟ್ಟು-ಬೋಲ್ಟು ಬಿಗಿದರು. ಸಾಮಾನಿಗೂ ಎರಡು ದಿನದ ಕೂಲಿಗೂ ಸೇರಿ ಎರಡೂವರೆ ಸಾವಿರ ರೂಪಾಯಿ. ಮೊದಲ ದಿನ ಸ್ವಲ್ಪ ನೀರು ಜಿನುಗಿತು. ಮತ್ತೆ ಬಂದು ಸರಿಪಡಿಸಿದರು. ಎರಡು ವರ್ಷವಾಯಿತು, ಓಡುತ್ತಿದೆ.

ಈಗ ನಾನು ಕೇಳುವ ಪ್ರಶ್ನೆ ಇಷ್ಟೆ. ಒಬ್ಬ ಮುದುಕರು ಅಂಗಳದಲ್ಲಿ ಕೂತು ಗರಗಸದಿಂದ ಮಾಡಿದ ಕೆಲಸವನ್ನು, ಯಂತ್ರವನ್ನು ರಚಿಸಿದ ಎಂಜಿನಿಯರುಗಳು ಇಪ್ಪತ್ತು ಸ್ಕ್ರೂ ಹಾಕಿ ಸುಲಭಗೊಳಿಸಲು ಆಗುತ್ತಿರಲಿಲ್ಲವೆ? ಆಗುತ್ತಿತ್ತು. ಬೆಸುಗೆ ಅಗ್ಗ, ಜೋಡಿಸುವುದು ಬೇಗ, ನೀರು ಸೋರುವ ಭಯ ಕಡಿಮೆ ಎಂದು ಅವರು ಹೇಳುವರು. ಅದೂ ಸುಳ್ಳಲ್ಲ. ಆದರೆ ಆ ಅಗ್ಗದ ಲಾಭ ಸೇರಿದ್ದು ಕಾರ್ಖಾನೆಗೆ; ಆರು ವರ್ಷದ ಮೇಲೆ ಬರುವ ಹನ್ನೊಂದು ಸಾವಿರದ ಖರ್ಚು ನನಗೆ; ಎಸೆದ ಯಂತ್ರದ ಭಾರ ಊರಿಗೆ. ವಸ್ತು ಕಸವಾಗುವುದು ಕಸದ ಬುಟ್ಟಿಯಲ್ಲಲ್ಲ, ನಕ್ಷೆ ಬರೆಯುವ ಮೇಜಿನ ಮೇಲೆ. ಈ ಒಂದು ಮಾತನ್ನು ಒಪ್ಪದೆ ಚಕ್ರದ ಮಾತಾಡುವುದು ವ್ಯರ್ಥ.

ಚಕ್ರವೆಂದರೆ ಒಂದೇ ಸುತ್ತಲ್ಲ. ಒಂದರೊಳಗೊಂದು ಹಲವು ಸುತ್ತುಗಳುಂಟು. ಎಲ್ಲಕ್ಕಿಂತ ಒಳಗಿನದು, ಇರುವುದನ್ನು ಹೆಚ್ಚು ಕಾಲ ಬಳಸುವುದು. ಅದರ ಹೊರಗೆ ದುರಸ್ತಿ. ಅದರ ಹೊರಗೆ ಇನ್ನೊಬ್ಬರಿಗೆ ಮಾರುವುದು ಅಥವಾ ಕೊಡುವುದು. ಎಲ್ಲ ಮುಗಿದ ಮೇಲೆ, ಎಲ್ಲಕ್ಕಿಂತ ಹೊರಗಿನ ಸುತ್ತು, ಒಡೆದು ಕರಗಿಸುವುದು. ಒಳಗಿನ ಸುತ್ತಿನಲ್ಲಿ ನಷ್ಟ ಕಡಿಮೆ. ಹೊರಗೆ ಹೋದಷ್ಟೂ ಹೆಚ್ಚು. ಯಂತ್ರವನ್ನು ಕರಗಿಸಿದಾಗ ಕಬ್ಬಿಣ, ತಾಮ್ರ ಸಿಕ್ಕಾವು. ಅದನ್ನು ಯಂತ್ರವಾಗಿಸಲು ವ್ಯಯಿಸಿದ ಶಾಖ, ಶ್ರಮ, ಬುದ್ಧಿ ಸಿಕ್ಕವು. ವಿಶ್ವಸಂಸ್ಥೆಯ ಸಂಸ್ಥೆಗಳು ೨೦೨೪ರಲ್ಲಿ ಹೊರತಂದ ವರದಿಯಂತೆ, ೨೦೨೨ರಲ್ಲಿ ಜಗತ್ತು ಎಸೆದ ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ ಸಾಮಾನು ೬ ಕೋಟಿ ೨೦ ಲಕ್ಷ ಟನ್. ಅದರಲ್ಲಿ ಕ್ರಮವಾಗಿ ಸಂಗ್ರಹವಾಗಿ ಮರುಬಳಕೆಯ ಕಾರ್ಖಾನೆ ಸೇರಿದ್ದು ದಾಖಲಾಗಿರುವುದು ಶೇಕಡ ೨೨.೩ ಮಾತ್ರ. ನೂರಕ್ಕೆ ಇಪ್ಪತ್ತೆರಡು ಹಿಡಿಯುವ ಬಲೆಯನ್ನು ಚಕ್ರವೆಂದು ಕರೆಯುವುದಾದರೆ, ಒಡೆದ ಕೊಡವನ್ನೂ ತುಂಬಿದ ಕೊಡವೆನ್ನಬಹುದು.

ನಮ್ಮ ನಿಯಮಗಳ ಇತಿಹಾಸವನ್ನು ನೋಡಿ. ಇ-ತ್ಯಾಜ್ಯದ ಮೊದಲ ನಿಯಮಗಳು ೨೦೧೧ರಲ್ಲಿ ಬಂದು ೨೦೧೨ರ ಮೇ ತಿಂಗಳಿಂದ ಜಾರಿಯಾದವು. ೨೦೧೬ರಲ್ಲಿ ಅವನ್ನು ಬದಲಾಯಿಸಿದರು. ೨೦೨೨ರಲ್ಲಿ ಮತ್ತೆ ಬದಲಾಯಿಸಿ ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ತಂದರು. ೨೧ ಬಗೆಯ ಸಾಮಾನುಗಳಿದ್ದ ಪಟ್ಟಿಯನ್ನು ೧೦೬ಕ್ಕೆ ಏರಿಸಿದರು. ತಯಾರಕನು ಇಂತಿಷ್ಟು ತೂಕದ ಹಳೆಯ ಸಾಮಾನಿನ ಮರುಬಳಕೆಗೆ ಹೊಣೆ: ಮೊದಲೆರಡು ವರ್ಷ ಶೇಕಡ ೬೦, ಮುಂದಿನೆರಡು ವರ್ಷ ೭೦, ೨೦೨೭-೨೮ರಿಂದ ೮೦. ಇದಕ್ಕೆ ‘ಉತ್ಪಾದಕರ ವಿಸ್ತೃತ ಹೊಣೆಗಾರಿಕೆ’ ಎಂದು ಹೆಸರು. ಹೆಸರು ವಿಸ್ತಾರವಾಗಿಯೇ ಇದೆ. ಹೊಣೆ ಎಷ್ಟು ವಿಸ್ತಾರವೆಂದು ನೋಡೋಣ. ತಯಾರಕನು ತಾನೇ ಹಳೆಯ ಯಂತ್ರವನ್ನು ಮುಟ್ಟಬೇಕಾಗಿಲ್ಲ. ನೋಂದಾಯಿತ ಮರುಬಳಕೆದಾರನಿಂದ ತೂಕಕ್ಕೆ ತಕ್ಕ ಪ್ರಮಾಣಪತ್ರ ಕೊಂಡರೆ ಸಾಕು. ೨೦೨೪ರಲ್ಲಿ ಸರಕಾರ, ಮನೆಬಳಕೆಯ ಇಂಥ ಸಾಮಾನುಗಳಿಗೆ ಕಿಲೋ ಒಂದಕ್ಕೆ ಕನಿಷ್ಠ ೨೨ ರೂಪಾಯಿಯಾದರೂ ಕೊಡಬೇಕೆಂದು ಗೊತ್ತುಮಾಡಿತು. ಅಷ್ಟಕ್ಕೇ ಕೆಲವು ದೊಡ್ಡ ತಯಾರಕರು ದೆಹಲಿಯ ಹೈಕೋರ್ಟಿನ ಮೆಟ್ಟಿಲೇರಿದರು! ಹತ್ತು ಕಿಲೋ ತೂಗುವ ಟಿ.ವಿ.ಗೆ ಈ ದರದಲ್ಲಿ ೨೨೦ ರೂಪಾಯಿ. ಮೂವತ್ತು ಸಾವಿರಕ್ಕೆ ಮಾರಿದ ವಸ್ತುವಿನ ಋಣವನ್ನು ಇನ್ನೂರ ಇಪ್ಪತ್ತು ರೂಪಾಯಿಗೆ ತೀರಿಸಿಕೊಳ್ಳುವ ಸೌಕರ್ಯವಿರುವಾಗ, ಹೆಚ್ಚು ಕಾಲ ಬಾಳುವ ಟಿ.ವಿ. ಮಾಡಬೇಕೆಂದು ಯಾವ ವ್ಯಾಪಾರಿಗೆ ಅನ್ನಿಸೀತು?

ನಿಯಮಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ಓಣಿಯ ಶೆಡ್ಡಿನಲ್ಲಿ ಆಸಿಡ್ ಬಟ್ಟಲಿನ ಮುಂದೆ ಕೂತು, ತಂತಿ ಸುಟ್ಟ ಹೊಗೆ ಕುಡಿಯುತ್ತ ತಾಮ್ರ ತೆಗೆಯುವವರ ಪಾಡಿಗಿಂತ ವ್ಯವಸ್ಥಿತ ಕಾರ್ಖಾನೆ ಸಾವಿರ ಪಾಲು ಮೇಲು. ದುರಸ್ತಿ ಮಾಡಿ ಮಾರುವವರಿಗೂ ೨೦೨೨ರ ನಿಯಮದಲ್ಲಿ ಒಂದಿಷ್ಟು ಜಾಗ ಉಂಟು. ಆದರೆ ತೂಕವನ್ನೇ ದೇವರಾಗಿಸಿದ ನಿಯಮಕ್ಕೆ, ಬೆಸೆದ ತೊಟ್ಟಿಗೂ ಸ್ಕ್ರೂ ಹಾಕಿದ ತೊಟ್ಟಿಗೂ ವ್ಯತ್ಯಾಸ ಕಾಣದು. ತಕ್ಕಡಿಗೆ ಕಣ್ಣಿಲ್ಲ.

ಇಷ್ಟು ಹೇಳಿದರೆ ನನ್ನ ಮಿತ್ರರೊಬ್ಬರು, ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು, ನಗುತ್ತಾರೆ. “ಜನಕ್ಕೇ ಹೊಸದು ಬೇಕು ಕಣಯ್ಯ. ತಯಾರಕ ಏನು ಮಾಡಿಯಾನು?” ಎನ್ನುತ್ತಾರೆ. ಜನಕ್ಕೆ ಹೊಸದರ ಆಸೆ ಇಲ್ಲದೆ ಇಲ್ಲ. ಆದರೆ ಆ ಆಸೆ ಮಳೆಯಂತೆ ತಾನಾಗಿ ಸುರಿದದ್ದೂ ಅಲ್ಲ. ೧೯೨೪ರಲ್ಲಿ ಜಿನೀವಾದಲ್ಲಿ ಯೂರೋಪ್, ಅಮೆರಿಕಗಳ ದೊಡ್ಡ ಬಲ್ಬು ತಯಾರಕರು ಕೂಡಿ ‘ಫೀಬಸ್’ ಎಂಬ ಕೂಟ ಕಟ್ಟಿಕೊಂಡರು. ಅಂದಿನ ಬಲ್ಬುಗಳು ಸಾವಿರದೈನೂರು, ಎರಡು ಸಾವಿರ ಗಂಟೆ ಉರಿಯುತ್ತಿದ್ದವು. ಇನ್ನು ಮುಂದೆ ಸಾವಿರ ಗಂಟೆ ಸಾಕೆಂದು ಕೂಟ ತೀರ್ಮಾನಿಸಿತು. ಹಾಗೆ ಮಾಡಿದರೆ ಬೆಳಕು ಹೆಚ್ಚುವುದೆಂಬ ಸಮಜಾಯಿಷಿಯೂ ಇತ್ತು, ಇರಲಿ. ಹೆಚ್ಚು ಕಾಲ ಉರಿಯುವ ಬಲ್ಬು ಮಾಡಿದ ಸದಸ್ಯನಿಗೆ ದಂಡ ಹಾಕುವ ಏರ್ಪಾಡು ಏಕೆ ಬೇಕಾಗಿತ್ತು? ೧೯೩೨ರಲ್ಲಿ ಅಮೆರಿಕದ ಬರ್ನಾರ್ಡ್ ಲಂಡನ್ ಎಂಬಾತ ಇನ್ನೂ ಮುಂದೆ ಹೋದ. ವಸ್ತುಗಳಿಗೆ ಸರಕಾರವೇ ಆಯುಸ್ಸು ಗೊತ್ತುಮಾಡಲಿ, ಅವಧಿ ಮುಗಿದ ಮೇಲೆ ಅವನ್ನು ನಾಶಮಾಡಲಿ, ಆಗ ಕಾರ್ಖಾನೆಗಳಿಗೆ ಕೆಲಸ ಸಿಕ್ಕಿ ಮುಗ್ಗಟ್ಟು ತೀರುತ್ತದೆ ಎಂದು ಪುಸ್ತಿಕೆ ಬರೆದು ಅಚ್ಚುಹಾಕಿಸಿದ. ಆತ ಬಹಿರಂಗವಾಗಿ ಹೇಳಿದ್ದನ್ನು ಇಂದಿನವರು ಬೆಸುಗೆಯಲ್ಲಿ ಹೇಳುತ್ತಾರೆ.

ನಮ್ಮ ದೇಶದಲ್ಲಿಯೂ ಇದು ಊಹೆಯ ಮಾತಲ್ಲ. ೨೦೧೪ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ೧೪ ಕಾರು ತಯಾರಕರಿಗೆ ಒಟ್ಟು ೨,೫೪೪ ಕೋಟಿ ರೂಪಾಯಿಗೂ ಮೇಲ್ಪಟ್ಟು ದಂಡ ವಿಧಿಸಿತು. ಅಪರಾಧವೇನು? ಬಿಡಿಭಾಗಗಳನ್ನೂ ದುರಸ್ತಿಗೆ ಬೇಕಾದ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗಗೊಡದೆ ತಮ್ಮ ಹಿಡಿತದಲ್ಲಿಯೇ ಇಟ್ಟುಕೊಂಡದ್ದು. ದಂಡದ ಮೇಲೆ ಮೇಲ್ಮನವಿಗಳು ನಡೆದವು. ಆದರೆ ಕಾಸು ಕೊಟ್ಟು ಕೊಂಡವನು ತನ್ನ ವಸ್ತುವನ್ನು ತನಗೆ ಬೇಕಾದವರ ಕೈಲಿ ಸರಿಮಾಡಿಸಿಕೊಳ್ಳಬಹುದೆಂಬ ತತ್ತ್ವ ಅಂದು ಬಾಯಿಬಿಟ್ಟಿತು. ಕಾರಿಗೆ ಸಲ್ಲುವ ನ್ಯಾಯ ಬಟ್ಟೆ ಒಗೆಯುವ ಯಂತ್ರಕ್ಕೆ ಏಕೆ ಸಲ್ಲದು?

“ಹೊಸ ಯಂತ್ರ ಕರೆಂಟು ಉಳಿಸುತ್ತದಲ್ಲ?” ಎಂಬುದು ಮಿತ್ರರ ಎರಡನೆಯ ಬಾಣ. ಇದು ತೂಕದ ಮಾತು. ಇಪ್ಪತ್ತು ವರ್ಷದ ಹಳೆಯ ಫ್ರಿಜ್ಜನ್ನು ತೇಪೆ ಹಾಕಿ ನಡೆಸುವುದಕ್ಕಿಂತ ಒಳ್ಳೆಯ ನಕ್ಷತ್ರದ ಹೊಸದನ್ನು ತರುವುದೇ ಜಾಣತನವಾಗಬಹುದು. ಹಗಲಿರುಳು ಉರಿಯುವ ವಸ್ತುವಿನ ಲೆಕ್ಕ ಬೇರೆ. ಆದರೆ ಮೊಬೈಲ್ ಫೋನಿನ ಮಾತೇನು? ಅದು ಭೂಮಿಯ ಮೇಲೆ ಹೊರಿಸುವ ಭಾರದಲ್ಲಿ ಹೆಚ್ಚಿನ ಪಾಲು ಅದನ್ನು ತಯಾರಿಸುವಾಗಲೇ ಬಿದ್ದಿರುತ್ತದೆ; ಮೂರು ವರ್ಷಕ್ಕೆ ಎಸೆಯುವ ಬದಲು ಆರು ವರ್ಷ ಬಳಸಿದರೆ ಆ ಭಾರ ಅರ್ಧಕ್ಕಿಳಿಯುತ್ತದೆ. ಕಂಪ್ಯೂಟರಿನ ಮಾತೇನು? ೨೦೨೫ರ ಅಕ್ಟೋಬರ್ ೧೪ರಂದು ‘ವಿಂಡೋಸ್ ೧೦’ಕ್ಕೆ ಅದರ ತಯಾರಕರು ಮಾಮೂಲಿನ ಬೆಂಬಲ ನಿಲ್ಲಿಸಿದರು. ಹೊಸ ಆವೃತ್ತಿಯ ಷರತ್ತುಗಳಿಗೆ ಹೊಂದದ ಎಷ್ಟೋ ಯಂತ್ರಗಳು, ಒಂದು ತಂತಿಯೂ ಸಡಿಲವಾಗದೆ, ಒಂದು ದಿನದಲ್ಲಿ ‘ಹಳತು’ ಎನಿಸಿಕೊಂಡವು. ಅಲ್ಲಿ ಬೇರಿಂಗ್ ಕೂಡ ಸವೆದಿರಲಿಲ್ಲ.

ಮೂರನೆಯ ಆಕ್ಷೇಪ ನಮ್ಮವರಿಂದಲೇ ಬರುವುದು: “ಇದೆಲ್ಲ ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದೇ. ನಮ್ಮ ಸಂಸ್ಕೃತಿಯೇ ಚಕ್ರೀಯ.” ಈ ಮಾತು ಕೇಳಿದಾಗ ನನಗೆ ಹೆಮ್ಮೆಯೂ ಆಗುತ್ತದೆ, ಅಂಜಿಕೆಯೂ ಆಗುತ್ತದೆ. ನಿಜ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದೆವು. ಉತ್ತರ ಕರ್ನಾಟಕದ ತಾಯಂದಿರು ಹಳೆಯ ಸೀರೆಗಳನ್ನು ಕೌದಿಯಾಗಿ ಹೊಲಿದರು. ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಬರುತ್ತಿತ್ತು. ಹರಿದ ಕೊಡೆಗೂ ಸವೆದ ಚಪ್ಪಲಿಗೂ ಬೀದಿಯಲ್ಲೇ ವೈದ್ಯರಿದ್ದರು. ಆದರೆ ಆ ಮಿತವ್ಯಯದಲ್ಲಿ ವಿವೇಕವೆಷ್ಟು, ಬಡತನವೆಷ್ಟು ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಜೊತೆಗೆ, ಆ ಚಕ್ರ ತಿರುಗುತ್ತಿದ್ದುದು ಯಾರ ಹೆಗಲ ಮೇಲೆ? ನಮ್ಮ ಚಪ್ಪಲಿ ಹೊಲಿದವನನ್ನು ಜಗಲಿಯ ಕೆಳಗೇ ನಿಲ್ಲಿಸಿದೆವು. ಕಸ ಎತ್ತಿದವನ ಕೈಗೆ ಮೇಲಿನಿಂದ ಕಾಸು ಹಾಕಿದೆವು. ಆ ಚಕ್ರವನ್ನು ಹಾಗೆಯೇ ಮತ್ತೆ ಹೂಡುವುದಾದರೆ ನನಗದು ಬೇಡ. ಬೆಂಗಳೂರಿನಲ್ಲಿ ಕಸ ಆಯುವವರಿಗೆ ಅಂದಿನ ಬಿ.ಬಿ.ಎಂ.ಪಿ. ಗುರುತಿನ ಚೀಟಿ ಕೊಟ್ಟದ್ದು ಈ ದಿಕ್ಕಿನಲ್ಲಿ ಸಣ್ಣದಾದರೂ ಸರಿಯಾದ ಹೆಜ್ಜೆ. ದುರಸ್ತಿಯವನಿಗೂ ಅಂಥ ಗೌರವ, ಅದಕ್ಕಿಂತ ಮುಖ್ಯವಾಗಿ ಅಂಥ ಸಂಪಾದನೆ ದಕ್ಕಬೇಕು. ನಮ್ಮ ಮೇಸ್ತ್ರಿಗಳ ಮಗ ಈ ಕಸುಬಿಗೆ ಬರಲಿಲ್ಲ. ಏಕೆಂದು ಕೇಳಿದೆ. “ಸಾಮಾನೇ ಸಿಗದ ಮೇಲೆ ಏನು ರಿಪೇರಿ ಮಾಡ್ತಾನೆ ಸ್ವಾಮಿ?” ಎಂದರು.

ನೇರದಾರಿಯ ಕೊನೆಯಲ್ಲಿ ಇರುವುದು ಗುಂಡಿ ಮಾತ್ರವಲ್ಲ, ಒಂದು ಊರು ಎಂಬುದನ್ನೂ ನಾವು ಮರೆಯಬಾರದು. ಬೆಂಗಳೂರಿನ ಕಸವನ್ನು ಹೊತ್ತ ಮಾವಳ್ಳಿಪುರದವರು ೨೦೧೨ರಲ್ಲಿ ಲಾರಿಗಳನ್ನು ತಡೆದರು. ಆ ಹೊರೆ ಮಂಡೂರಿನ ಮೇಲೆ ಬಿತ್ತು. ಆ ಊರಿನವರ ಹೋರಾಟದಿಂದ ೨೦೧೪ರ ಡಿಸೆಂಬರಿನಲ್ಲಿ ಅಲ್ಲಿಯೂ ಬಾಗಿಲು ಮುಚ್ಚಿತು. ನಮ್ಮ ಬಾವಿಯ ನೀರು ಕೆಡಲಿಲ್ಲ, ಅವರದು ಕೆಟ್ಟಿತು. ನಗರದವನು ಕಸವನ್ನು ‘ಆಚೆ’ ಎಸೆಯುತ್ತಾನೆ. ಆ ‘ಆಚೆ’ಯಲ್ಲಿ ಮನೆ ಮಾಡಿಕೊಂಡವರಿಗೆ ಅದೇ ‘ಇಲ್ಲಿ’.

ಹಾಗಾದರೆ ಮಾಡಬೇಕಾದದ್ದೇನು? ಬೇರೆಡೆ ಮಾಡಿ ತೋರಿಸಿದ್ದಾರೆ. ಯೂರೋಪಿನ ಒಕ್ಕೂಟದಲ್ಲಿ ೨೦೨೧ರ ಮಾರ್ಚಿಯಿಂದ ಬಟ್ಟೆ ಒಗೆಯುವ ಯಂತ್ರದ ಬಿಡಿಭಾಗಗಳನ್ನು, ಆ ಮಾದರಿಯ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದ ಮೇಲೂ ಹತ್ತು ವರ್ಷ ಒದಗಿಸಬೇಕು. ಮೊಬೈಲ್ ಫೋನುಗಳಿಗೆ ೨೦೨೫ರ ಜೂನ್ ೨೦ರಿಂದ ಅಂಥದೇ ಕಟ್ಟಳೆ: ಮಾರಾಟ ನಿಂತ ಮೇಲೆ ಏಳು ವರ್ಷ ಬಿಡಿಭಾಗ, ಐದು ವರ್ಷವಾದರೂ ತಂತ್ರಾಂಶದ ನವೀಕರಣ. ಫ್ರಾನ್ಸಿನಲ್ಲಿ ೨೦೧೫ರ ಕಾನೂನು, ಬೇಕೆಂದೇ ವಸ್ತುವಿನ ಆಯುಸ್ಸು ಕಡಿಮೆ ಮಾಡುವುದನ್ನು ಅಪರಾಧವೆಂದಿತು. ೨೦೨೧ರಿಂದ ಫೋನು, ಲ್ಯಾಪ್‌ಟಾಪ್, ಟಿ.ವಿ., ಬಟ್ಟೆ ಒಗೆಯುವ ಯಂತ್ರಗಳ ಮೇಲೆ, ಎಷ್ಟು ಸುಲಭವಾಗಿ ದುರಸ್ತಿಯಾಗುತ್ತದೆಂದು ಹತ್ತಕ್ಕೆ ಅಂಕ ಕೊಟ್ಟು ಬರೆಯಬೇಕಾಯಿತು. ಇವುಗಳಲ್ಲಿ ಯಾವುದೂ ಕಸದ ಬುಟ್ಟಿಯಿಂದ ಶುರುವಾಗುವುದಿಲ್ಲ ಎಂಬುದನ್ನು ಗಮನಿಸಿ; ಎಲ್ಲವೂ ನಕ್ಷೆಯ ಮೇಜಿನಿಂದ, ಅಂಗಡಿಯ ಕಟ್ಟೆಯಿಂದ ಶುರುವಾಗುತ್ತವೆ.

ನಮ್ಮಲ್ಲಿ ಆದದ್ದು? ೨೦೨೨ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿತು. ಅದೇ ಡಿಸೆಂಬರಿನಲ್ಲಿ ಒಂದು ಜಾಲತಾಣ ತೆರೆಯಿತು. ಕಂಪನಿಗಳು ಇಷ್ಟಪಟ್ಟರೆ ಬಂದು ಸೇರಬಹುದು. ದುರಸ್ತಿಗೆ ಅಂಕ ಕೊಡುವುದು ಹೇಗೆಂದು ಮತ್ತೊಂದು ಸಮಿತಿ ೨೦೨೫ರ ಮೇ ತಿಂಗಳಲ್ಲಿ ವರದಿ ಸಲ್ಲಿಸಿತು. ಸಮಿತಿಯಾಯಿತು, ತಾಣವಾಯಿತು, ವರದಿಯಾಯಿತು. ಹಕ್ಕು ಎಂಬುದು ಇಷ್ಟವಿದ್ದವರು ಕೊಡುವ ಪ್ರಸಾದವಲ್ಲ. ಇಷ್ಟವಿಲ್ಲದವರಿಂದಲೂ ಪಡೆಯಬಹುದಾದದ್ದಕ್ಕೇ ಆ ಹೆಸರು.

ಫ್ರಿಜ್ಜಿಗೆ ನಕ್ಷತ್ರ ಹಚ್ಚುವುದೂ ಮೊದಮೊದಲು ಐಚ್ಛಿಕವೇ ಆಗಿತ್ತು. ೨೦೧೦ರಲ್ಲಿ ಕಡ್ಡಾಯವಾದ ಮೇಲೆ ಏನಾಯಿತು? ಎಷ್ಟು ಸ್ಟಾರ್ ಎಂದು ಇಂದು ಓದು ಬಾರದವರೂ ಕೇಳುತ್ತಾರೆ. ನಕ್ಷತ್ರದ ಪಕ್ಕದಲ್ಲಿ ದುರಸ್ತಿಯ ಅಂಕವೂ ಬರಲಿ, ಕಡ್ಡಾಯವಾಗಿ. ಬಿಡಿಭಾಗವೂ ದುರಸ್ತಿಯ ನಕ್ಷೆಯೂ ಕೇಳಿದ ಯಾವ ಮೇಸ್ತ್ರಿಗಾದರೂ ನ್ಯಾಯಬೆಲೆಗೆ ಸಿಗಲಿ, ಹತ್ತು ವರ್ಷ. ತೆರಿಗೆಯ ತಕ್ಕಡಿಯೂ ಸರಿಯಾಗಲಿ. ೨೦೨೫ರ ಸೆಪ್ಟೆಂಬರ್ ೨೨ರಿಂದ ದೊಡ್ಡ ಟಿ.ವಿ., ಏರ್ ಕಂಡಿಷನರುಗಳ ಮೇಲಿನ ಜಿ.ಎಸ್.ಟಿ. ಶೇಕಡ ೨೮ರಿಂದ ೧೮ಕ್ಕೆ ಇಳಿಯಿತು; ಸೇವಾಕೇಂದ್ರದ ದುರಸ್ತಿಯ ಬಿಲ್ಲಿನ ೧೮ ಹದಿನೆಂಟಾಗಿಯೇ ಉಳಿಯಿತು. ಸ್ವೀಡನ್ ೨೦೧೭ರಲ್ಲಿ ಸೈಕಲ್ಲು, ಬಟ್ಟೆ, ಚಪ್ಪಲಿಗಳ ದುರಸ್ತಿಯ ತೆರಿಗೆಯನ್ನು ಅರ್ಧಕ್ಕಿಳಿಸಿ ನೋಡಿತು. ನಾವು ಹೊಸದಕ್ಕೆ ರಿಯಾಯಿತಿ ಕೊಟ್ಟು ಹಳೆಯದಕ್ಕೆ ಉಪದೇಶ ಕೊಡುತ್ತೇವೆ. ಕೊನೆಯದಾಗಿ, ಶಾಲೆ, ಕಚೇರಿ, ಆಸ್ಪತ್ರೆಗಳಿಗೆಂದು ರಾಶಿ ರಾಶಿ ಯಂತ್ರ ಕೊಳ್ಳುವ ಸರಕಾರವೇ, ಬಿಚ್ಚಲಾಗದ ಸಾಮಾನನ್ನು ಕೊಳ್ಳುವುದಿಲ್ಲವೆಂದು ಟೆಂಡರಿನಲ್ಲಿ ಒಂದು ಸಾಲು ಬರೆಯಲಿ. ಉಪನ್ಯಾಸಕ್ಕಿಂತ ಆ ಸಾಲು ಕಾರ್ಖಾನೆಗೆ ಬೇಗ ಅರ್ಥವಾಗುತ್ತದೆ.

ಎಲ್ಲವನ್ನೂ ಸರಕಾರದ ತಲೆಗೆ ಕಟ್ಟಿ ನಾವು ಕೈ ತೊಳೆದುಕೊಳ್ಳುವಂತೆಯೂ ಇಲ್ಲ. ನವರಾತ್ರಿಯಲ್ಲಿ ಆಯುಧಪೂಜೆಯೆಂದು ಯಂತ್ರಗಳಿಗೆಲ್ಲ ಅರಿಸಿನ ಕುಂಕುಮ ಹಚ್ಚಿ ಕೈಮುಗಿಯುತ್ತೇವೆ. ದೀಪಾವಳಿಯ ಎಕ್ಸ್‌ಚೇಂಜ್ ಮೇಳಕ್ಕೆ ಅದೇ ಯಂತ್ರವನ್ನು, ಕುಂಕುಮ ಆರುವ ಮೊದಲೇ, ಹೊರಿಸಿ ಕಳಿಸುತ್ತೇವೆ. ನೆಂಟರು ಬಂದಾಗ ಹಳೆಯ ಟಿ.ವಿ. ಇದ್ದರೆ ನಮಗೆ ನಾಚಿಕೆ. ಇನ್ನೂ ನಾಲ್ಕು ವರ್ಷ ಬಾಳಬಹುದಾಗಿದ್ದದ್ದನ್ನು ಎಸೆದೆವಲ್ಲ ಎಂದು ನಾಚಿಕೆಯಿಲ್ಲ. ಇನ್ನೂರು ರೂಪಾಯಿ ಕೂಲಿ ಕೇಳಿದ ಮೇಸ್ತ್ರಿಯೊಡನೆ ಚೌಕಾಸಿ ಮಾಡುತ್ತೇವೆ. ಮೂವತ್ತು ಸಾವಿರದ ಬೆಲೆಪಟ್ಟಿಯ ಮುಂದೆ ಬಾಯಿ ಮುಚ್ಚಿಕೊಂಡಿರುತ್ತೇವೆ. ಇದು ನನ್ನ ಮೇಲೂ ನಾನೇ ಹೊರಿಸಿಕೊಳ್ಳುವ ಆಪಾದನೆ. ಬೇರಿಂಗ್ ಹೋಗುವವರೆಗೆ ನಾನೂ ತೊಟ್ಟಿಯ ಬೆನ್ನು ನೋಡಿದವನಲ್ಲ.

ಹೋದ ತಿಂಗಳು ಮಗಳ ಮನೆಗೆ ಬಟ್ಟೆ ಒಗೆಯುವ ಯಂತ್ರ ನೋಡಲು ಹೋಗಿದ್ದೆವು. ಅಂಗಡಿಯವನು ಹದಿನಾರು ಬಗೆಯ ಒಗೆತವನ್ನು ವಿವರಿಸಿದ. ಫೋನಿನಿಂದಲೇ ನಡೆಸಬಹುದೆಂದ. ಎಲ್ಲ ಕೇಳಿ, “ಇದರ ತೊಟ್ಟಿಯನ್ನು ಬಿಚ್ಚಬಹುದೇನಪ್ಪ? ಬೇರಿಂಗ್ ಹೋದರೆ ಅದೊಂದೇ ಸಿಗುತ್ತದೆಯೆ?” ಎಂದು ಕೇಳಿದೆ. ಅವನು ನನ್ನ ಮುಖವನ್ನೇ ನೋಡಿದ. “ಇದುವರೆಗೂ ಯಾರೂ ಕೇಳಿಲ್ಲ ಸರ್” ಎಂದ. ಒಳಗೆ ಹೋಗಿ ಮಾಲೀಕರನ್ನು ಕೇಳಿದ, ಮಾಲೀಕರು ಕಂಪನಿಗೆ ಫೋನು ಮಾಡಿದರು, ಉತ್ತರ ಸಿಗಲಿಲ್ಲ. ಉತ್ತರ ಬಂದ ಮೇಲೆ ಕೊಳ್ಳುತ್ತೇವೆಂದು ಹೇಳಿ ಎದ್ದು ಬಂದೆವು. ಓದುಗರಲ್ಲಿ ನನ್ನ ವಿನಂತಿ ಇದೊಂದೆ: ಮುಂದಿನ ಸಲ ಅಂಗಡಿಗೆ ಹೋದಾಗ ಈ ಪ್ರಶ್ನೆಯನ್ನು ನೀವೂ ಕೇಳಿ. ಉತ್ತರ ಬರುವ ತನಕ ಹಣದ ಚೀಲವನ್ನು ತೆರೆಯಬೇಡಿ.